ಮಾವನ ನಾರಿನ ಫ್ಯಾಕ್ಟರಿಯ ಮೇಲೊಂದು ಪ್ರಬಂಧ

ಎಂ.ಎಸ್ಸಿ. ಪರಿಸರ ನಿರ್ವಹಣೆಗೆ ಸೇರುವ ಮೊದಲು ನಾನು ವಸಂತನರಸಾಪುರದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ಹೊರಗೆ ಬಿಡುವ ನೀರನ್ನು ಬಾಟಲಿಗೆ ತುಂಬಿ ಪರೀಕ್ಷಿಸುವುದು ನನ್ನ ಕೆಲಸ. ಅದು ಚೆನ್ನಾಗಿಯೇ ಬರುತ್ತಿತ್ತು. ಆದರೆ ಆ ನೀರು ಹಾಗೇಕಾಯಿತು, ಯಾರು ಏನು ಮಾಡಬೇಕು ಎಂದು ಬಾಯಿಬಿಟ್ಟರೆ, "ನಿಂಗ್ಯಾಕಮ್ಮ ಅದೆಲ್ಲ?" ಅನ್ನುತ್ತಿದ್ದರು. ಕೆಲಸ ಬಿಟ್ಟು, ಉಪ್ಪಾರಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಓದಿಗೆ ಸೇರಿದೆ. ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು ನಾನೇ. ಅದರಿಂದ ನನಗೆ ಒಂದಿಷ್ಟೂ ಮುಜುಗರವಾಗಲಿಲ್ಲ.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಗುಬ್ಬಿ ಕಡೆ ಇರುವ ನಮ್ಮ ತಾಯಿಯ ಊರಿನ ಗೋಕಟ್ಟೆಯನ್ನು. ದನಗಳು ಕುಡಿಯಲೆಂದು ತೋಡಿದ ಸಣ್ಣ ಕಟ್ಟೆ ಅದು. ಈಚೆಗೆ ಅದರ ನೀರು ಹಾಲು ಹಾಕದ ಟೀಯ ಬಣ್ಣಕ್ಕೆ ತಿರುಗಿತ್ತು. ದನಗಳು ಮೂಸಿ ವಾಪಸ್ಸು ಬರುತ್ತಿದ್ದವು. ಕಟ್ಟೆಯ ಮೇಲುಗಡೆ ನನ್ನ ಸೋದರಮಾವನ ನಾರಿನ ಫ್ಯಾಕ್ಟರಿ ಇದೆ. ತೆಂಗಿನಕಾಯಿ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ಅಲ್ಲೇ ಬಯಲಲ್ಲಿ ಗುಡ್ಡೆ ಹಾಕುತ್ತಿದ್ದರು. ಮಳೆ ಬಂದಾಗ ಅದರ ರಸ ಇಳಿದು ಕಟ್ಟೆ ಸೇರುತ್ತದೆಂದು ಊರಿನವರೆಲ್ಲ ಅಂದುಕೊಂಡಿದ್ದರು. ಮಾವನೆದುರು ಯಾರೂ ಅಂದಿರಲಿಲ್ಲ.

ನನ್ನ ಗೈಡ್ ಮೇಡಂ ವಿಷಯ ಕೇಳಿ ಕನ್ನಡಕ ತೆಗೆದರು.

"ಸ್ವಂತ ಮಾವನ ಯೂನಿಟ್ಟು. ರಿಸಲ್ಟ್ ಹೆಂಗೇ ಬರ್ಲಿ, ಹಂಗೇ ಬರೀತೀರಾ?"

"ಬರೀತೀನಿ ಮೇಡಂ."

"ಆಮೇಲೆ ಮದುವೆ ಮುಂಜಿಗೆ ಕರೆಯಲ್ಲ, ನೋಡಿ."

"ಕರೀದಿದ್ರೂ ಹೋಗ್ತೀನಿ," ಅಂದೆ. ಮೇಡಂ ನಕ್ಕು ಸಹಿ ಹಾಕಿದರು.

ಮಳೆಗೆ ಮುಂಚೆ ಒಮ್ಮೆ, ಮಳೆ ಹಿಡಿದ ಮೇಲೆ ಹಲವು ಸಲ ಹೋಗಿ ನೀರು ತಂದೆ. ಪುಡಿ ಗುಡ್ಡೆಯ ಬುಡದ್ದು, ಕಟ್ಟೆಯದ್ದು, ಹೋಲಿಸಿ ನೋಡಲು ಫ್ಯಾಕ್ಟರಿಗಿಂತ ಮೇಲಿರುವ ಹೊಂಡದ್ದು. ಮಾವ ನನ್ನ ಬಾಟಲಿಗಳನ್ನು ನೋಡಿ ಹೆಮ್ಮೆಪಡುತ್ತಿದ್ದರು. ಬಂದವರಿಗೆಲ್ಲ, "ನಮ್ ಹುಡ್ಗಿ ಸೈಂಟಿಸ್ಟು" ಅನ್ನುತ್ತಿದ್ದರು. ಏನು ನೋಡುತ್ತಿದ್ದೇನೆಂದು ನಾನು ಮುಚ್ಚಿಡಲಿಲ್ಲ. "ರಿಸಲ್ಟ್ ಬಂದಾಗ ಮೊದ್ಲು ನಿಮ್ಗೇ ಹೇಳ್ತೀನಿ ಮಾವ" ಅಂದಿದ್ದೆ.

ಹಾಗೇ ಮಾಡಿದೆ. ಮೇಲಿನ ಹೊಂಡದ ನೀರು ಚೆನ್ನಾಗಿತ್ತು. ಕಟ್ಟೆಯ ನೀರಿನಲ್ಲಿ ಮೀನು ಬದುಕುವಷ್ಟು ಗಾಳಿಯೂ ಕರಗಿರಲಿಲ್ಲ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಫ್ಯಾಕ್ಟರಿಯ ಶೆಡ್ಡಿನಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ.

ಮಾವ ಮಿಷನ್ ಆಫ್ ಮಾಡಿಸಿದರು. "ತಾಯಿ ಮನೆ ಮೇಲೇ ಕಂಪ್ಲೇಂಟ್ ಬರೀತೀಯೇನೇ?"

"ಕಂಪ್ಲೇಂಟ್ ಅಲ್ಲ ಮಾವ, ಪ್ರಾಜೆಕ್ಟು. ನಿಮ್ ಹೆಸ್ರೂ ಇರಲ್ಲ, ಊರಿನ ಹೆಸ್ರೂ ಇರಲ್ಲ. ಆದ್ರೆ ನೀರು ಕೆಟ್ಟಿರೋದು ನಿಮ್ ಪುಡಿಯಿಂದ್ಲೇ."

"ಊರ್ ತುಂಬ ಫ್ಯಾಕ್ಟ್ರಿ ಅವೆ. ನಂದೇ ಬೇಕಾಗಿತ್ತಾ?"

"ನಿಮ್ದಾದ್ರೆ ನೀವು ನನ್ನ ಮಾತು ಕೇಳ್ತೀರ ಅಂತ."

ಅವರು ಎದ್ದು ಹೋದರು. ಆಮೇಲೆ ನನ್ನ ಫೋನೇ ಎತ್ತಲಿಲ್ಲ. ಅಮ್ಮ, "ಬೇರೆ ಯಾವ್ದಾದ್ರೂ ಕೆರೆ ನೋಡ್ಬಾರ್ದಾ?" ಎಂದು ಗೋಗರೆದಳು. ಬೇಜಾರಾಗಿದ್ದು ನಿಜ. ಮಾವನ ಭುಜದ ಮೇಲೆ ಕೂತು ಬೆಳೆದವಳು ನಾನು. ಆದರೂ ಪ್ರಬಂಧದಲ್ಲಿ ಒಂದು ಅಕ್ಷರವನ್ನೂ ಬದಲಾಯಿಸಲಿಲ್ಲ. ಬದಲಿಗೆ, ಆ ಪುಡಿಯನ್ನು ಏನು ಮಾಡಬಹುದು ಎಂಬ ಇನ್ನೊಂದು ಅಧ್ಯಾಯ ಸೇರಿಸಿದೆ. ಕುಣಿಗಲ್ಲಿನ ಸಹಪಾಠಿಯೊಬ್ಬಳು ತಮ್ಮೂರಿನ ನರ್ಸರಿಯೊಂದರಲ್ಲಿ ಇದೇ ಪುಡಿಯಲ್ಲಿ ಸಸಿ ಬೆಳೆಸುವುದನ್ನು ಹೇಳಿದಳು. ಅದನ್ನು ಅತ್ತೆಗೆ ಫೋನಿನಲ್ಲಿ ಹೇಳಿದೆ. ಅತ್ತೆಯ ಕಿವಿಗೆ ಬಿದ್ದದ್ದು ಮಾವನಿಗೆ ಮುಟ್ಟದೆ ಇರುವುದಿಲ್ಲ.

ಒಂದು ಭಾನುವಾರ ಮಾವ ಅಕ್ಕನ ಮನೆ ಮುಂದೆ ಪಿಕಪ್ ನಿಲ್ಲಿಸಿ ಹಾರ್ನ್ ಹೊಡೆದರು. ಇಳಿಯಲಿಲ್ಲ. "ಕುಣಿಗಲ್ ನರ್ಸರಿ ಎಲ್ಲೈತೆ? ಹತ್ತು" ಅಂದರು. ಹತ್ತಿ ಕೂತೆ.

ನರ್ಸರಿಯ ಒಡತಿ ಟ್ರೇಗಳಲ್ಲಿ ಟೊಮೇಟೊ ಸಸಿ ತೋರಿಸಿದರು. "ಪುಡಿ ತೊಳ್ದು ಕೊಡಿ, ಎಷ್ಟಾದ್ರೂ ತಗೋತೀನಿ. ಹಸೀದು ಬೇಡ, ಬೇರು ಸುಟ್ಟೋಗುತ್ತೆ" ಅಂದರು. ಮಾವನ ಮುಖ ಅರಳಿತು.

"ಸರಿ, ತೊಳ್ದಿದ್ ನೀರು ಎಲ್ಲಿಗೆ ಬಿಡ್ತೀರ ಮಾವ?" ಅಂದೆ.

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ಬೈಯುತ್ತಾರೆಂದುಕೊಂಡೆ. ಗಹಗಹಿಸಿ ನಕ್ಕುಬಿಟ್ಟರು. "ನಿನ್ ಕೈಯಿಂದ ತಪ್ಪಿಸ್ಕೊಳ್ಳಕ್ಕಾಗಲ್ಲ ಕಣವ್ವ. ನೀನೇ ಹೇಳು, ಹೆಂಗ್ ಮಾಡನ."

ವಾಪಸ್ಸು ಬರುವಾಗ ಗಾಡಿ ನಿಲ್ಲಿಸಿ, ಟೀ ಅಂಗಡಿಯ ಟೇಬಲ್ಲಿನ ಮೇಲೆ ನೀರಿನಿಂದಲೇ ಗೆರೆ ಎಳೆದು ತೋರಿಸಿದೆ. ಕೆಳಗೆ ಸಿಮೆಂಟಿನ ಕಣ, ಸುತ್ತ ಸಣ್ಣ ಕಟ್ಟು, ಮೂಲೆಯಲ್ಲೊಂದು ಗುಂಡಿ. ಹರಿದು ಬಂದ ರಸವನ್ನೂ ತೊಳೆದ ನೀರನ್ನೂ ಪಂಪಿನಿಂದ ಮತ್ತೆ ಗುಡ್ಡೆಗೇ ಹಾಯಿಸಿ ಪುಡಿಯನ್ನು ಕೊಳೆಸುವುದು. ಮೇಲೊಂದು ಶೀಟಿನ ಚಪ್ಪರ. ಮುಂದಿನ ಮಳೆಗಾಲಕ್ಕೆ ಮೊದಲು ಮಾವ ಅದನ್ನೆಲ್ಲ ಕಟ್ಟಿಸಿದರು. ಕಟ್ಟೆ ಒಂದೇ ಮಳೆಗೆ ತಿಳಿಯಾಗಲಿಲ್ಲ. ತಳದ ಕೆಸರೆತ್ತಿಸಬೇಕಾಯಿತು, ಇನ್ನೊಂದು ಮಳೆಗಾಲ ಕಾಯಬೇಕಾಯಿತು. ಪ್ರಬಂಧ ಒಪ್ಪಿಸಿ ಪಾಸಾದ ಮೇಲೂ ನಾನು ನೀರು ತಂದು ನೋಡುತ್ತಲೇ ಇದ್ದೆ. ನಿಧಾನವಾಗಿ ಸುಧಾರಿಸಿತು.

ಈಗ ನನ್ನದು ಇದೇ ಕೆಲಸ, ಸಣ್ಣ ಘಟಕಗಳಿಗೆ ಹೋಗಿ ನೀರು, ಕಸಕ್ಕೆ ದಾರಿ ಹೇಳುವುದು. ಮೊನ್ನೆ ಮಾವ ಪಕ್ಕದೂರಿನ ಫ್ಯಾಕ್ಟರಿಯವರೊಬ್ಬರಿಗೆ ನನ್ನ ನಂಬರ್ ಕೊಟ್ಟಿದ್ದರು. ಆತ ಫೋನ್ ಮಾಡಿ ಅನುಮಾನಿಸುತ್ತ ಕೇಳಿದರು:

"ಮೇಡಂ, ನೀವು ಬಹಳ ಸ್ಟ್ರಿಕ್ಟಂತೆ, ಹೌದಾ?"

"ಹೌದು," ಅಂದೆ. "ಸೋಮವಾರ ಬರ್ತೀನಿ."