ನಡುವಿನ ಅಧ್ಯಾಯದಲ್ಲಿ ಏನೂ ನಡೆಯುವುದಿಲ್ಲ

ಕಳೆದ ಜೂನ್ ತಿಂಗಳ ಒಂದು ಸೋಮವಾರ, ಬೆಳಗ್ಗೆ ಹನ್ನೊಂದರ ಸುಮಾರಿಗೆ, ಜಂಗಮಕೋಟೆಯಲ್ಲಿ ನನ್ನ ತಂಗಿಯ ಮಗಳು ಶೋಭಳ ರೇಷ್ಮೆ ಹುಳುಗಳಿಗೆ ನಾನು ಹಾಕಬಾರದ ಹೊತ್ತಿನಲ್ಲಿ ಸೊಪ್ಪು ಹಾಕಿದೆ.

ಆ ಹೊತ್ತಿಗೆ ಶೋಭ ಚಿಕ್ಕಬಳ್ಳಾಪುರದಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ಮದುವೆಯಿಂದ ನಿಂತಿದ್ದ ಬಿ.ಎ.ಯನ್ನು ದೂರಶಿಕ್ಷಣದಲ್ಲಿ ಮುಂದುವರಿಸಿ, ಕನ್ನಡ ಒಂದರಲ್ಲೇ ಎರಡು ಸಲ ನಪಾಸಾಗಿದ್ದಳು. ಇದು ಕೊನೆಯ ಅವಕಾಶ. ಪಠ್ಯ ಒಂದು ಹಳೆಯ ಕಾದಂಬರಿ. ಪ್ರತಿ ಸಲವೂ ಅದೇ ಪ್ರಶ್ನೆ: ನಾಯಕ ಹೇಗೆ ಬೆಳೆಯುತ್ತಾನೆ, ಹೇಗೆ ಬದಲಾಗುತ್ತಾನೆ, ವಿವರಿಸಿ.

ನಾನು ಬಹುಕಾಲ ಪತ್ರಿಕೆಯ ಡೆಸ್ಕಿನಲ್ಲಿ ಕೂತವನು. ಯಾರು, ಏನು, ಎಲ್ಲಿ, ಯಾವಾಗ ಎಂದು ಕೇಳದೆ ನನಗೆ ಮದುವೆಯ ಕರೆಯೋಲೆಯನ್ನೂ ಓದಲು ಬರುವುದಿಲ್ಲ. ಕಾದಂಬರಿಯನ್ನೂ ಹಾಗೇ ಓದಿ ಅವಳಿಗೆ ಟಿಪ್ಪಣಿ ಮಾಡಿಕೊಟ್ಟಿದ್ದೆ. ನಾಯಕ ಆಸ್ತಿಯ ಜಗಳದಲ್ಲಿ ಅಣ್ಣನನ್ನು ಮನೆಯಿಂದ ಹೊರಗಟ್ಟುತ್ತಾನೆ. ಜನರ ಮಾತು ತಾಳದೆ ತಾನೂ ಊರು ಬಿಡುತ್ತಾನೆ. ಕೊನೆಗೆ ಅಣ್ಣನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಮೂರು ಘಟನೆ, ಮೂರು ಬದಲಾವಣೆ. ನಡುವೆ ಅರವತ್ತು ಪುಟ ಅವನು ಯಾರದೋ ಮಾವಿನ ತೋಪಿಗೆ ನೀರು ಹಾಯಿಸುತ್ತಾ ಇರುತ್ತಾನೆ. ಅಲ್ಲಿ ಗೀಟೆಳೆದು, ‘ಏನೂ ನಡೆಯುವುದಿಲ್ಲ, ಬಿಡು’ ಎಂದು ಬರೆದಿದ್ದೆ.

“ಅಲ್ಲೇ ಕಣ್ ಮಾವ ಅವನು ಬದಲಾಗೋದು,” ಎಂದಳು ಶೋಭ.

“ನೀರು ಹಾಯಿಸ್ಕೊಂಡಾ?”

“ಹೂಂ. ಬದಲಾಗ್ದೇ ಇದ್ದಿದ್ರೆ ಅಣ್ಣನ ಮನೆಗೆ ಬರ್ತಿದ್ನಾ?”

“ಪುರಾವೆ ಏನಮ್ಮ? ಯಾವ ಪುಟ?”

“ನಿಮ್ ಪೇಪರ್‌ಗೆ ಬರೀತಿಲ್ಲ ಬಿಡಿ ಮಾವ.”

ಪರೀಕ್ಷೆಯ ದಿನ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಪೊರೆ ಬಿಟ್ಟು ಏಳುವ ತನಕ ಅವು ತಿನ್ನುವುದಿಲ್ಲ, ಅವನ್ನು ಯಾರೂ ಮುಟ್ಟುವುದಿಲ್ಲ. ಗಂಡನ ಬೈಕು ಹತ್ತುವ ಮುಂಚೆ ಶೋಭ ಎರಡು ಸಲ ಹೇಳಿದಳು: “ಒಂದೊಂದು ಬೇಗ ಎದ್ಬಿಡ್ತವೆ ಮಾವ. ಪಾಪ ಅಂತ ಸೊಪ್ಪು ಹಾಕ್ಬಿಟ್ಟೀರ! ಎಲ್ಲಾ ಎದ್ದ ಮೇಲೇ. ನಾನೇ ಬಂದ್ ಹಾಕ್ತೀನಿ.”

ಹುಳದ ಮನೆಯಲ್ಲಿ ಎರಡು ಗಂಟೆ ಕೂತೆ. ಸಾವಿರಾರು ಹುಳು, ತಲೆ ಎತ್ತಿಕೊಂಡು, ಅಲುಗಾಡದೆ. ವರದಿ ಮಾಡಲು ಏನೂ ಇರಲಿಲ್ಲ. ಆಮೇಲೆ ಒಂದು ಮೂಲೆಯಲ್ಲಿ ಕೆಲವು ಹರಿದಾಡಿದವು. ಕೊನೆಗೂ ಒಂದು ಘಟನೆ ಎನಿಸಿತು. ಸೊಪ್ಪು ತಂದು ಉದ್ದಕ್ಕೂ ಹಾಸಿದೆ.

ಮೂರು ಗಂಟೆಗೆ ಬಂದ ಶೋಭ ಬಾಗಿಲಲ್ಲೇ ನಿಂತಳು. “ಹಾಕ್ಬಿಟ್ರಾ ಮಾವ.” ಸೊಪ್ಪಿನ ಕೆಳಗೆ ಮಿಕ್ಕ ಹುಳುಗಳು ಇನ್ನೂ ಪೊರೆ ಬಿಡುತ್ತಿದ್ದವು. ಎದ್ದವು ತಿಂದು ಮುಂದೆ ಹೋಗಿದ್ದವು. ಇನ್ನು ಅವೆಲ್ಲ ಒಂದೇ ಸಮ ಬೆಳೆಯುವುದಿಲ್ಲ ಎಂದು ಅವಳ ಗಂಡ ಹೇಳಿದ. ಅವಳು ಸೊಪ್ಪಿನ ಒಂದೊಂದೇ ಕಡ್ಡಿ ಎತ್ತುತ್ತಿದ್ದಳು.

“ಆ ಪ್ರಶ್ನೆ ಬಂತಾ?” ಎಂದೆ.

“ಬಂತು. ತೋಪಿನದ್ದೇ ಬರ್ದೆ. ಐದು ಪುಟ.”

“ನಪಾಸಾದ್ರೆ?”

“ಅದನ್ನ ಬಿಟ್ಟು ಬರೆದೇ ತಾನೇ ಮಾವ, ಎರಡು ಸಲ ಆಗಿದ್ದು?”

ಮಾರನೆಯ ದಿನ ಆ ಅರವತ್ತು ಪುಟ ಮತ್ತೆ ಓದಿದೆ. ತೋಪಿನ ಮುದಿ ಕಾವಲುಗಾರನನ್ನು ನಾಯಕ ಮೊದಲು ‘ಏಯ್’ ಎಂದು ಕರೆಯುತ್ತಾನೆ. ಅಧ್ಯಾಯದ ಕೊನೆಯಲ್ಲಿ ‘ಅಣ್ಣಾ’ ಎನ್ನುತ್ತಾನೆ. ಅವನ ಮನಸ್ಸು ತಿರುಗಿದ್ದು ಯಾವ ಪುಟದಲ್ಲಿ ಎಂದು ಎರಡು ಸಲ ಹುಡುಕಿದೆ. ಸಿಗಲಿಲ್ಲ. ಅವನು ನೀರು ಹಾಯಿಸುತ್ತಲೇ ಇದ್ದ. ಇಷ್ಟು ವರ್ಷ ನಾನು ಎಷ್ಟು ಜನರ ಬದುಕಿನಿಂದ ಇಂಥ ಪುಟಗಳನ್ನು ಜಾಗವಿಲ್ಲವೆಂದು ಹೊಡೆದುಹಾಕಿದ್ದೇನೋ ತಿಳಿಯದು.

ಆ ಸಲದ ಹುಳುಗಳು ಹಿಂದುಮುಂದಾಗಿ ಹಣ್ಣಾಗಿ ಗೂಡು ಕಟ್ಟಿದವು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಎರಡು ಸಲ ಹೋಯಿತು. ಫಲಿತಾಂಶ ಹೋದ ಶುಕ್ರವಾರ ಬಂತು. ಶೋಭ ಪಾಸಾಗಿದ್ದಾಳೆ.