ತೌಡಿಗೆ ಕೊಟ್ಟ ಕೂಸು

ನಿಮಗೆಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಒಂದು ಗಳಿಗೆ ತಡವರಿಸುತ್ತೇನೆ. ಪಾಪ, ವಯಸ್ಸಾಯಿತು, ಮರೆವು ಎಂದು ಕೇಳಿದವರು ಮುಖ ಮಾಡುತ್ತಾರೆ. ಮರೆವೂ ಇಲ್ಲ, ಮಣ್ಣೂ ಇಲ್ಲ. ಲೆಕ್ಕ ಹೇಗೆ ಹಾಕಬೇಕೆಂಬುದೇ ನನಗೆ ಬಗೆಹರಿದಿಲ್ಲ.

ನಮ್ಮ ಯಜಮಾನರು ಸ್ಕೂಲು ಮೇಷ್ಟ್ರು. ಹಾಸನದಲ್ಲಿದ್ದಾಗ ನಮ್ಮ ಎರಡು ಗಂಡುಮಕ್ಕಳು ಹೋದವು. ಮೊದಲನೆಯದು ಕೆಮ್ಮಿನಲ್ಲಿ, ಎರಡನೆಯದು ವಾಂತಿಭೇದಿಯಲ್ಲಿ. ನಡುವೆ ಹುಟ್ಟಿದ ಮಗಳು ಮಾತ್ರ ಕಲ್ಲುಗುಂಡಿನ ಹಾಗೆ ಉಳಿದಳು. ಒಂದೇ ಮನೆ, ಒಂದೇ ಬಾವಿಯ ನೀರು, ಕುಡಿದದ್ದು ಒಂದೇ ತಾಯಿಯ ಹಾಲು. ಅವಳು ಯಾಕೆ ಉಳಿದಳು, ಅವರಿಬ್ಬರು ಯಾಕೆ ಹೋದರು? ಡಾಕ್ಟರನ್ನು ಕೇಳಿದೆ, ಜೋಯಿಸರನ್ನು ಕೇಳಿದೆ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ನನಗೆ ಒಂದೂ ಅರ್ಥವಾಗಲಿಲ್ಲ.

ಅರಕಲಗೂಡಿಗೆ ವರ್ಗವಾದ ಮೇಲೆ ಮೂರನೆಯ ಗಂಡುಮಗು ಹುಟ್ಟಿತು. ಅದು ಅಂಬೆಗಾಲಿಡುವ ಹೊತ್ತಿಗೆ ಅದಕ್ಕೂ ವಾಂತಿಭೇದಿ ಹತ್ತಿಕೊಂಡಿತು. ಕಣ್ಣು ಒಳಕ್ಕೆ ಹೋಗಿ, ನೆತ್ತಿ ಕುಳಿಬಿದ್ದು, ಅಳುವುದಕ್ಕೂ ತ್ರಾಣವಿಲ್ಲದೆ ಮಲಗಿತು. ನಾನು ಆ ಮುಖವನ್ನು ಹಾಸನದಲ್ಲಿ ಒಂದು ಸಲ ನೋಡಿದ್ದೆ. ಮತ್ತೆ ನೋಡುವ ಶಕ್ತಿ ನನಗಿರಲಿಲ್ಲ.

"ನಿನ್ನ ಮಡಿಲು ಗಂಡುಮಕ್ಕಳಿಗೆ ಆಗಿಬರೋಲ್ಲ," ಎಂದರು ನಮ್ಮತ್ತೆ, ಮುಲಾಜಿಲ್ಲದೆ. "ಇದನ್ನ ತೌಡಿಗೆ ಮಾರಿಬಿಡು."

ಮಕ್ಕಳು ಉಳಿಯದ ಮನೆಗಳಲ್ಲಿ ಆಗ ಹೀಗೆ ಮಾಡುತ್ತಿದ್ದರು. ಮಗುವನ್ನು ಮೊರದಲ್ಲಿ ಮಲಗಿಸಿ, ಒಂದು ಮಗುವನ್ನೂ ಕಳೆದುಕೊಳ್ಳದ ತಾಯಿಯೊಬ್ಬಳಿಗೆ ಹೊಸ್ತಿಲಾಚೆ ಕೊಟ್ಟು, ಅವಳಿಂದ ಅಕ್ಕಿಯ ತೌಡನ್ನು ಇಸಿದುಕೊಳ್ಳುವುದು. ಅಲ್ಲಿಂದ ಮಗು ಅವಳದು. ನಾವು ಅವಳ ಪರವಾಗಿ ಸಾಕುವವರು, ಅಷ್ಟೇ. ಮಗು ಗಟ್ಟಿಯಾದ ಮೇಲೆ ತೌಡನ್ನು ಹಿಂದಕ್ಕೆ ಕೊಟ್ಟು ಬಿಡಿಸಿಕೊಳ್ಳಬಹುದು. ಅಲ್ಲಿಯವರೆಗೆ ಹೆತ್ತವಳು ಅದನ್ನು ನನ್ನ ಮಗು ಎನ್ನಬಾರದು.

"ತೌಡಿಗೂ ಭೇದಿಗೂ ಏನೇ ಸಂಬಂಧ?" ಎಂದು ಮೇಷ್ಟ್ರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಸಂಬಂಧ ನನಗಾದರೂ ಗೊತ್ತಿತ್ತೇ?

ಎದುರುಮನೆಯಲ್ಲಿ ದವಸದ ವ್ಯಾಪಾರ ಮಾಡುವವರಿದ್ದರು. ಆ ಮನೆಯ ಯಜಮಾನಿ ಹಣೆತುಂಬ ವಿಭೂತಿ ಇಟ್ಟು, ದೊಡ್ಡ ಗಂಟಲಲ್ಲಿ ಮಾತಾಡುವ ಹೆಂಗಸು. ಮನೆತುಂಬ ಮಕ್ಕಳು, ಒಂದೂ ಕೈಬಿಟ್ಟಿರಲಿಲ್ಲ. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಕೇಳಿದ ಕೂಡಲೇ ಅಕ್ಕ ಸೆರಗಿನಲ್ಲಿ ತೌಡು ತುಂಬಿಕೊಂಡು ನಮ್ಮ ಬಾಗಿಲಿಗೆ ಬಂದಳು. ಮೊರದಿಂದ ಮಗುವನ್ನು ಎತ್ತಿ ಎದೆಗೆ ಹಾಕಿಕೊಂಡಳು.

"ಇನ್ಮ್ಯಾಕೆ ಇದು ನನ್ ಕೂಸು ಕಣವ್ವ. ನಿನ್ತಾವ ಸಾಕಕ್ ಬುಟ್ಟಿವ್ನಿ. ಚೆಂದಾಗಿ ನೋಡ್ಕಬೇಕು, ತಿಳೀತಾ?"

ನಾನು ತಲೆಯಾಡಿಸಿದೆ. ಆಮೇಲೆ ಒಳಗೆ ಹೋಗಿ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ತೌಡನ್ನು ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟೆ.

ಮಗು ಚೇತರಿಸಿಕೊಂಡಿತು. ಆಸ್ಪತ್ರೆಯ ಔಷಧವನ್ನೂ ಕೊಡುತ್ತಿದ್ದೆ, ದಾಳಿಂಬೆ ಸಿಪ್ಪೆಯ ಕಷಾಯವನ್ನೂ ಹಾಕುತ್ತಿದ್ದೆ. ಯಾವುದರಿಂದ ವಾಸಿಯಾಯಿತು ಎಂದು ಹೇಗೆ ಹೇಳಲಿ? ನಾನಂತೂ ಯಾವುದನ್ನೂ ಬಿಡಲಿಲ್ಲ. 'ಎದುರುಮನೆಯವನೇ, ಬಾರೋ' ಎಂದು ಕರೆದು ಮೊಲೆ ಕೊಡುತ್ತಿದ್ದೆ. ಮುದ್ದು ಉಕ್ಕಿ ಬಂದಾಗ 'ನನ್ನ' ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಮಗಳು ಬೇರೆ, "ಅವನು ನಮ್ಮವನಲ್ಲ ಅಂದ್ಮೇಲೆ ನನ್ನ ಗೊಂಬೆ ಯಾಕಮ್ಮ ಕೊಡ್ಬೇಕು?" ಎಂದು ಜಗಳಕ್ಕೆ ನಿಲ್ಲುತ್ತಿದ್ದಳು. ಅವಳನ್ನು ಗದರಿ ಕಳಿಸುತ್ತಿದ್ದೆ.

ಅಕ್ಕ ಮಾತ್ರ ವ್ಯವಹಾರವನ್ನು ನಿಜವೆಂದೇ ನಡೆಸಿದಳು. ಹೊತ್ತುಗೊತ್ತಿಲ್ಲದೆ ಬಂದು ಮಗುವಿನ ಬಾಯಿಗೆ ಬೆಲ್ಲದ ಚೂರು ಇಡುವಳು. ಎಣ್ಣೆನೀರು ಹಾಕುವಾಗ ಅದು ಕಿರುಚಿದರೆ ಬೀದಿಯಾಚೆಯಿಂದಲೇ, "ನನ್ ಮಗೀನ ಯಾಕವ್ವ ಅಂಗ್ ಅಳುಸ್ತೀಯ?" ಎಂದು ಕೂಗುವಳು. ತಮಾಷೆಗೋ ನಿಜಕ್ಕೋ ತಿಳಿಯುತ್ತಿರಲಿಲ್ಲ. ಒಮ್ಮೊಮ್ಮೆ ಆಕೆಯ ಕಾಲಿಗೆ ಬೀಳಬೇಕು ಎನಿಸುತ್ತಿತ್ತು. ಒಮ್ಮೊಮ್ಮೆ ಕದ ಹಾಕಿಕೊಂಡುಬಿಡೋಣ ಎನ್ನುವಷ್ಟು ಸಿಟ್ಟು ಬರುತ್ತಿತ್ತು.

ಹೀಗಿರುವಾಗ ಹೊಳೆನರಸೀಪುರಕ್ಕೆ ವರ್ಗದ ಆರ್ಡರು ಬಂತು. ಹೊರಡುವ ಮುಂಚೆ ಮಗುವನ್ನು ಬಿಡಿಸಿಕೊಳ್ಳಲೇ ಎಂದು ಅಕ್ಕನನ್ನು ಕೇಳಿದೆ.

"ನಾ ತಕ್ಕಂಡು ಇನ್ನೂ ವರ್ಸ ತುಂಬಿಲ್ಲ, ಈಗ್ಲೇ ಬ್ಯಾಡ ಕಣವ್ವ. ತೌಡ ಜ್ವಾಪಾನ್ವಾಗ್ ಮಡಿಕ್ಕೊ," ಎಂದಳು.

ಮನೆ ಬದಲಾಯಿಸುವುದರಲ್ಲಿ ನಮ್ಮ ಮೇಷ್ಟ್ರ ಮಿತವ್ಯಯವನ್ನು ನೋಡಬೇಕು. ಬೆಲ್ಲದ ಪೊಟ್ಟಣದ ದಾರವನ್ನೂ ಬಿಸಾಡದೆ ಉಂಡೆ ಸುತ್ತಿಡುವ ಮನುಷ್ಯ. ಯುದ್ಧದ ಕಾಲ ಬೇರೆ, ಏನೂ ಸಿಗದು. ಒಡೆದ ಕುಡಿಕೆ, ಮೊಂಡು ಪೊರಕೆ, ತೆಂಗಿನ ಚಿಪ್ಪು ಎಲ್ಲವೂ ಗಾಡಿ ಹತ್ತಿದವು. ಹಿಂದಿನ ಗಾಡಿಯಲ್ಲಿ ಸಾಮಾನಿನ ಜೊತೆ ಅವರು, ಕಮಾನು ಕಟ್ಟಿದ ಮುಂದಿನ ಗಾಡಿಯಲ್ಲಿ ಮಕ್ಕಳ ಜೊತೆ ನಾನು ಮತ್ತು ಅತ್ತೆ. ಜಾಗ ಸಾಲದೆ ಉಳಿದದ್ದು ಒರಳುಗುಂಡು ಒಂದೇ. ಅದನ್ನು ಬಿಟ್ಟು ಬಂದೆವಲ್ಲ ಎಂದು ಅವರು ದಾರಿಯುದ್ದಕ್ಕೂ ಕೊರಗಿದರು.

ಮಧ್ಯಾಹ್ನ ಒಂದು ಕೆರೆ ಏರಿಯ ಹತ್ತಿರ ಗಾಡಿ ಬಿಟ್ಟರು. ಎತ್ತುಗಳ ಮೂತಿಗೆ ಏನೋ ಪುಡಿ ಮೆತ್ತಿಕೊಂಡಿದ್ದುದನ್ನು ನಾನು ಕಂಡೆ. ಬಾನಿಯ ನೀರಿಗೆ ಏನೋ ಕದಡಿದ್ದಾರೆ ಅಂದುಕೊಂಡು ಸುಮ್ಮನಾದೆ. ಹೊಸ ಮನೆಯಲ್ಲಿ ಹಾಲುಕ್ಕಿಸಿ, ಸಾಮಾನು ಬಿಚ್ಚಿ ಹುಡುಕಿದಾಗ ತೌಡಿನ ಗಂಟಿಲ್ಲ. ಬರಿಯ ಬಟ್ಟೆ ಮಡಿಸಿಟ್ಟಿತ್ತು.

"ಗಾಡಿಯವನು ಎತ್ತಿಗೆ ಏನಾದ್ರೂ ಕೊಡಿ ಸಾ ಅಂದ. ಕೊಂಡು ಯಾಕೆ ದಂಡ ಮಾಡ್ಬೇಕು ಅಂತ ಅದನ್ನೇ ಹಾಕಿಸ್ದೆ. ಹುಳ ಹಿಡೀತಾ ಇತ್ತು ಕಣೇ," ಎಂದರು ಮೇಷ್ಟ್ರು, ಉಳಿತಾಯ ಮಾಡಿದ ಹೆಮ್ಮೆಯಲ್ಲಿ.

ನಾನು ಬೈದದ್ದನ್ನು ಇಲ್ಲಿ ಬರೆಯಲಾರೆ. ಹೆಂಡತಿಯಾದವಳು ಆಡುವ ಮಾತಲ್ಲ. ಅವರಿಗೆ ತಪ್ಪು ತಿಳಿಯುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ, "ಬೇರೆ ತೌಡು ಕೊಟ್ರಾಯ್ತು, ಎಲ್ಲಾ ತೌಡೂ ಒಂದೇ," ಎಂದರು. "ಅದೇ ತೌಡೇ ಆಗ್ಬೇಕು," ಎಂದರು ಅತ್ತೆ. ಗುಡಿಯ ಅರ್ಚಕರನ್ನು ಕೇಳಿದರೆ ಇದು ಯಾವ ಶಾಸ್ತ್ರದಲ್ಲೂ ಇಲ್ಲವೆಂದು ಕೈಯಲ್ಲಾಡಿಸಿಬಿಟ್ಟರು. ಎತ್ತುಗಳು ತಿಂದದ್ದು ಏನನ್ನು? ಬರೀ ತೌಡನ್ನೋ, ಮಗುವಿನ ಋಣವನ್ನೋ? ಪಾತ್ರೆ ತೊಳೆಯುತ್ತ, ರಾಗಿ ಬೀಸುತ್ತ ಇದನ್ನೇ ಯೋಚಿಸಿ ನನ್ನ ತಲೆ ಕೆಟ್ಟು ಗೊಬ್ಬರವಾಯಿತು.

ಅಷ್ಟರಲ್ಲಿ ಮಗುವಿಗೆ ಚಳಿಜ್ವರ ಬಂತು. ಬಿಟ್ಟು ಬಿಟ್ಟು ಬರುವ ಜ್ವರ, ನಡುಕ, ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆ. ಹೊಳೆಯ ದಡದ ಊರು, ಬೀದಿಯ ಅರ್ಧ ಮನೆಗಳಲ್ಲಿ ಅದೇ ಜ್ವರವಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಇದು ತೌಡಿನದೇ ಎಂದು ಒಳಗೊಳಗೇ ನಂಬಿದ್ದೆ. ಎರಡನ್ನೂ ಒಟ್ಟಿಗೆ ಹೇಗೆ ನಂಬಿದ್ದೆನೋ, ನನಗೇ ತಿಳಿಯದು. ಆಸ್ಪತ್ರೆಯಲ್ಲಿ ಕ್ವಿನೈನು ಸಿಗುವುದೇ ಕಷ್ಟವಾಗಿತ್ತು. ಸಿಕ್ಕಷ್ಟನ್ನು ಜೇನಿನಲ್ಲಿ ಕಲಸಿ ಮೂಗು ಹಿಡಿದು ಕುಡಿಸುತ್ತಿದ್ದೆವು. ಅರ್ಧ ಒಳಕ್ಕೆ, ಅರ್ಧ ನನ್ನ ಸೀರೆಗೆ.

ಒಂದು ಬೆಳಿಗ್ಗೆ ಮೇಷ್ಟ್ರು, "ಒರಳುಗುಂಡು ತಂದುಬಿಡ್ತೀನಿ," ಎಂದು ಅರಕಲಗೂಡಿಗೆ ಹೊರಟು ನಿಂತರು. ಮಗು ಹೀಗೆ ಮಲಗಿರುವಾಗ ಒರಳುಗುಂಡು! ಮಾರನೆಯ ದಿನ ಗಾಡಿ ಬಂದು ಬಾಗಿಲಲ್ಲಿ ನಿಂತಿತು. ಅದರಲ್ಲಿ ಒರಳುಗುಂಡಿರಲಿಲ್ಲ. ಅಕ್ಕ ಇಳಿದಳು.

ಮೇಷ್ಟ್ರು ನನ್ನ ಮುಖ ನೋಡದೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಅಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಜ್ವರಕ್ಕೇ ಎದುರಾಗಿ ಮಾತಾಡುವವಳಂತೆ ಬೈಯತೊಡಗಿದಳು. "ನನ್ ಕೂಸಿನ್ ತಂಟೆಗ್ ಬಂದಿದ್ದೀಯಾ? ನೆಟ್ಟಗ್ ಓಗು!" ತೌಡಿನ ವಿಷಯ ಹೇಳಿ ನಾನು ಅಳತೊಡಗಿದರೆ, "ಎತ್ತು ತಿಂತಾ? ತಿನ್ಲಿ ಬುಡವ್ವ. ಬಸವಣ್ಣ ತಿಂದಂಗಾತು," ಎಂದು ನಕ್ಕುಬಿಟ್ಟಳು. ಜ್ವರ ಇಳಿಯುವವರೆಗೂ ತನ್ನ ಮನೆ ಮಕ್ಕಳನ್ನೆಲ್ಲ ಬಿಟ್ಟು ನಮ್ಮಲ್ಲೇ ಉಳಿದಳು. ಇಳಿಸಿದ್ದು ಕ್ವಿನೈನೋ ಅಕ್ಕನ ಬೈಗುಳವೋ ನಾನು ಹೇಳಲಾರೆ. ಮಗು ಎದ್ದು ಕೂತು ಅವಳನ್ನು ಅವ್ವ ಎಂದಿತು. ನನ್ನನ್ನು ಅಮ್ಮ ಎಂದಿತು.

ಮತ್ತೆ ವರ್ಗ, ಈ ಸಲ ಚನ್ನರಾಯಪಟ್ಟಣಕ್ಕೆ. ಅಷ್ಟು ದೂರ ಹೋಗುವ ಮುಂಚೆ ಬಿಡಿಸಿಕೊಂಡೇ ತೀರಬೇಕೆಂದು ಹಟ ಹಿಡಿದೆ. ವರ್ಷ ತುಂಬಿತ್ತು, ಮಗು ಓಡಾಡುತ್ತಿತ್ತು. ನನ್ನ ಮಗನನ್ನು ನನ್ನ ಮಗನೇ ಎಂದು ಕರೆಯಬೇಕು, ನನಗೆ ಬೇಕಾಗಿದ್ದುದು ಅದೊಂದೇ. ನಾನೇ ಜರಡಿಯಾಡಿದ ಹೊಸ ತೌಡನ್ನು ಅದೇ ಬಟ್ಟೆಯಲ್ಲಿ ಕಟ್ಟಿಕೊಂಡು, ಮೇಷ್ಟ್ರನ್ನೂ ಮಗುವನ್ನೂ ಕರೆದುಕೊಂಡು ಅರಕಲಗೂಡಿಗೆ ಹೋದೆ.

ಅಕ್ಕ ನಮಗೆ ಊಟ ಹಾಕಿದಳು. ಮಗುವಿಗೆ ಬೆಲ್ಲ ಕೊಟ್ಟಳು. ನಾನು ಗಂಟನ್ನು ಮುಂದಿಟ್ಟಾಗ ಅದನ್ನು ಮುಟ್ಟಲಿಲ್ಲ.

"ಇದು ನಾ ಕೊಟ್ಟ ತೌಡಲ್ವಲ್ಲವ್ವ."

"ಅದು ಎತ್ತು ತಿಂತು ಅಂತ ಹೇಳಿದ್ನಲ್ಲ ಅಕ್ಕ. ಬಸವಣ್ಣ ತಿಂದಂಗಾತು ಅಂತ ನೀವೇ ಅಂದ್ರಿ."

"ಅಂದೆ. ತಿಂದದ್ದು ವಾಪಸ್ ಬರಾಕಿಲ್ವಲ್ಲ."

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ನಗುವಿಗಾಗಿ ಕಾದೆ. ಅವಳು ನಗಲಿಲ್ಲ. ನನಗೆ ರೇಗಿತು. ನನ್ನ ಮಗುವನ್ನು ಕಿತ್ತುಕೊಳ್ಳುತ್ತೀರಾ ಎಂದು ಬಾಯಿಗೆ ಬಂದಂತೆ ಅಂದೆ. ಅವಳು ಸಿಟ್ಟಾಗಲಿಲ್ಲ. ಹತ್ತಿರ ಬಂದು ಕೂತು, ಆ ದೊಡ್ಡ ಗಂಟಲನ್ನು ಇಳಿಸಿ ಹೇಳಿದಳು:

"ನೀನೇ ಸಾಕು, ನೀನೇ ಓದ್ಸು, ಸೊಸೇನೂ ನೀನೇ ತತ್ತಾ. ಆದ್ರೆ ಬಿಡುಸ್ಕಬ್ಯಾಡ ಕಣವ್ವ. ನಿನ್ ಗಂಡುಕೂಸು ಎಲ್ಡೂ ಓಗ್ಬುಟ್ವು. ನನ್ವು ಒಂದೂ ಓಗಿಲ್ಲ. ಇವ್ನು ನನ್ನೋನಾಗೇ ಇರ್ಲಿ ಬುಡು."

ಆ ಮಾತಿನಲ್ಲಿ ಸುಳ್ಳು ಯಾವುದೆಂದು ಹುಡುಕಿದೆ, ಸಿಗಲಿಲ್ಲ. ಅದು ಪ್ರೀತಿಯೋ, ಆಸೆಯೋ? ನನಗೆ ಆಕೆ ಕೊಟ್ಟದ್ದೋ, ನನ್ನಿಂದ ಕಸಿದದ್ದೋ? ಮೇಷ್ಟ್ರು ಏನಾದರೂ ಹೇಳಲಿ, ಮೂಢನಂಬಿಕೆ ಎಂದು ನಗಲಿ ಎಂದು ಅವರ ಕಡೆ ನೋಡಿದೆ. ಅವರು ಗಂಟನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು, "ಬಸ್ಸಿಗೆ ಹೊತ್ತಾಯ್ತು," ಎಂದರು.

ಇದ್ದಿಲು ಸುಟ್ಟು ಓಡಿಸುತ್ತಿದ್ದ ಆಗಿನ ಬಸ್ಸು ಹೊಗೆ ಕಾರುತ್ತ ನಿಂತಿತ್ತು. ಅಕ್ಕ ಕಳಿಸಲು ಬಂದಳು. ನಾವು ಹತ್ತಿ ಕೂತ ಕೂಡಲೇ ಮಗು ಕಿಟಕಿಯಿಂದ ಕೈ ಚಾಚಿ, "ಅವ್ವಾ, ಅವ್ವಾ" ಎಂದು ಅವಳ ಕಡೆಗೇ ಹಾರಿ ಅಳತೊಡಗಿತು. ಕಂಡಕ್ಟರು ಬಂದ.

"ಯಾರ್ ಕೂಸು ಇದು? ಕೆಳಗಿರೋ ಅವ್ವಂದಾ, ನಿಮ್ದಾ? ಬಿರ್ನೆ ಯೋಳಿ ಸಾ, ಬಸ್ಸು ಒಲ್ಡ್ತದೆ."

ನನ್ನದು ಎನ್ನಲು ಬಾಯಿ ತೆರೆದೆ. ಹಾಸನದ ಆ ಎರಡು ಮುಖಗಳು ಕಣ್ಣ ಮುಂದೆ ಬಂದವು.

"ಅವರದೇ ಕಣಪ್ಪ," ಎಂದೆ.

ಮೇಷ್ಟ್ರು ನನ್ನನ್ನು ನೋಡಿದರು. ಈಗ ನಗುತ್ತಾರೆ ಅಂದುಕೊಂಡೆ.

"ಹೌದು, ಅವರ ಮಗನೇ," ಎಂದರು ಕಂಡಕ್ಟರಿಗೆ. "ನಾವು ಸಾಕ್ಕೊಳ್ತಾ ಇದೀವಿ ಅಷ್ಟೇ."

ಬಸ್ಸು ಊರು ದಾಟಿದ ಮೇಲೆ ಅವರು ಕಂಕುಳಿನ ಗಂಟನ್ನು ಬಿಚ್ಚಿ, ಇದ್ದ ತೌಡನ್ನೆಲ್ಲ ಕಿಟಕಿಯಾಚೆ ಸುರಿದುಬಿಟ್ಟರು. ಆಮೇಲೆ ಬಟ್ಟೆಯನ್ನು ಕೊಡವಿ, ಮಡಿಸಿ, ಜೇಬಿನಲ್ಲಿ ಇಟ್ಟುಕೊಂಡರು.