ಕಿರುಗಾವಲಿಗೆ ಅತ್ತೆಯನ್ನು ಕರೆಯಲು ಹೋದದ್ದು

ದುದ್ದದಲ್ಲಿ ಬೆಳಗ್ಗೆ ಏಳರ ಬಸ್ಸು ಹತ್ತಿದೆ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಬಸ್ಸು ಬದಲಿಸಿ ಕಿರುಗಾವಲು ಸೇರಬೇಕಿತ್ತು. ನಾಲ್ಕು ಸಲ ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ನಾಲ್ಕು ಟಿಕೆಟ್ಟು ಪಡೆದೆ. ಚರ್ಚಾಸ್ಪರ್ಧೆಗಳಿಗೆಂದು ಇದಕ್ಕಿಂತ ದೂರ ಹೋಗಿದ್ದೇನೆ. ಸೋತು ಹೊರಟದ್ದು ಇದೇ ಮೊದಲು.

ವಿಷಯ ಗೌರಿ ಹಬ್ಬದ್ದು. ನಮ್ಮ ಕಡೆ ಮದುವೆಯಾದ ಹೆಣ್ಣುಮಗಳನ್ನು ತವರಿನವರು ಅವಳ ಮನೆಗೇ ಹೋಗಿ, ಕುಂಕುಮ ಇಟ್ಟು ಹಬ್ಬಕ್ಕೆ ಕರೆಯಬೇಕು. ಕಿರುಗಾವಲಿನಲ್ಲಿರುವ ತನ್ನ ತಂಗಿಯನ್ನು ಅಪ್ಪ ಪ್ರತಿ ವರ್ಷ ಹೀಗೇ ಕರೆದು ಬರುತ್ತಿದ್ದ. ಹೋದ ವರ್ಷ ನಾನು ವಾದಕ್ಕೆ ನಿಂತೆ. "ಹುಟ್ಟಿದ ಮನೆಗೆ ಬರೋಕೆ ಕರೆಯೋದ್ಯಾಕೆ? ಅತ್ತೆ ಹೊರಗಿನವಳು ಅಂತ ನೀನೇ ಒಪ್ಕೊಂಡಂಗಲ್ವಾ?" ಅಪ್ಪ ಕರೆಯಲು ಹೋಗಲಿಲ್ಲ. ನಾನೇ ವಾಟ್ಸಾಪಿನಲ್ಲಿ 'ಹಬ್ಬಕ್ಕೆ ಬಾ ಅತ್ತೆ' ಎಂದು ಕಳಿಸಿದೆ. ಅತ್ತೆ ನೋಡಿದಳು. ಬರಲಿಲ್ಲ.

ನನ್ನ ತರ್ಕ ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಆ ಹಬ್ಬದಲ್ಲಿ ಅಪ್ಪನನ್ನು "ಲೇ ಅಣ್ಣ" ಎಂದು ಬೈಯುವವರಿರಲಿಲ್ಲ. ಒಬ್ಬಟ್ಟು ಹಾಗೇ ಉಳಿದಿತ್ತು. ಅದಕ್ಕೇ ಈ ಸಲ ಕರೆಯಲು ನಾನೇ ಹೊರಟೆ.

ಮದ್ದೂರಿನಲ್ಲಿ ಮುಕ್ಕಾಲು ಗಂಟೆ ಕಾಯಬೇಕಾಯಿತು. ಜಿಟಿಜಿಟಿ ಮಳೆ. ವಡೆ ತಿಂದು ಟೀ ಕುಡಿಯುತ್ತ ಅತ್ತೆ ಮನೆಯ ಬೇಸಿಗೆ ರಜೆಗಳನ್ನು ನೆನೆದೆ. ಮಾವನನ್ನು ಊಟಕ್ಕೆ ಕರಿ ಎಂದರೆ ನಾನು ಅಡುಗೆಮನೆಯಿಂದಲೇ ಅರಚುತ್ತಿದ್ದೆ.

"ಕೋಳಿ ಕರೆಯೋ ಅಂಗೆ ಕರೀಬ್ಯಾಡ ಕಣೆ. ಅವ್ರ ತಾವ್ಕೋಗಿ ಕರಿ."

"ಕೇಳುಸ್ತಲ್ಲ ಅತ್ತೆ!"

"ಕೇಳ್ಸೋದು ಬ್ಯಾರೆ, ಕರೆಯೋದು ಬ್ಯಾರೆ."

ಆಗ ನನಗೆ ಏಳು ವರ್ಷ. ಹಿತ್ತಲಿಗೆ ಹೋಗಿ ಮಾವನ ಅಂಗಿ ಹಿಡಿದು ಎಳೆದು ತರುತ್ತಿದ್ದೆ.

ಕಿರುಗಾವಲು ಮುಟ್ಟಿದಾಗ ಹನ್ನೊಂದೂವರೆ. ಅತ್ತೆ ಜಗುಲಿಯಲ್ಲಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ದೀಪ ಉಜ್ಜುತ್ತಿದ್ದಳು.

"ಏನವ್ವ ಲಾಯ್ರಮ್ಮ, ಮೊಬೈಲು ಕೆಟ್ಟೋಯ್ತಾ?"

"ತಪ್ಪಾಯ್ತು ಅತ್ತೆ. ಹಬ್ಬಕ್ಕೆ ಬಾ."

"ಬರೀ ಬಾಯ್ಮಾತಾ? ಕುಂಕುಮ ಯಾರಿಕ್ತಾರೆ, ನಿಮ್ಮಜ್ಜಿನಾ?"

ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಅಮ್ಮ ಕೊಟ್ಟ ಪೊಟ್ಟಣ ಬಿಚ್ಚಿ ಕುಂಕುಮ ಇಟ್ಟೆ. ಅತ್ತೆ ಕಣ್ಣು ಮುಚ್ಚಿ ಕೂತಿದ್ದಳು. ಆಮೇಲೆ ದೀಪವನ್ನು ಮತ್ತೆ ಕೈಗೆತ್ತಿಕೊಂಡಳು.

"ಬರಕ್ಕಾಗಲ್ಲ ಕಣವ್ವ. ನನ್ ಮಗಳಿಗೆ ಮದ್ವೆಯಾದ್ ಮೇಲೆ ಇದು ಮೊದುಲ್ನೇ ಗೌರಿ. ನಿನ್ನೆ ಕೊಪ್ಪಕ್ಕೆ, ಅವ್ಳ ಗಂಡನ್ ಮನೆಗೋಗಿ ಕರ್ದು ಬಂದಿವ್ನಿ. ಇನ್ಮ್ಯಾಕೆ ವರ್ಸ ವರ್ಸ ಅವ್ಳು ಬರೋ ಹೊತ್ಗೆ ನಾನಿಲ್ಲಿರ್ಬೇಕು."

"ಹಂಗಾದ್ರೆ ಹೋದ ವರ್ಷ..."

"ಊಂ, ಅದೇ ಕಡೇದು. ಬಟ್ಟೆ ಜೋಡುಸ್ಕೊಂಡು ಮೂರು ದಿನ ದಾರಿ ನೋಡ್ದೆ. ನಿಮ್ಮಪ್ಪ ಬರ್ಲಿಲ್ಲ."

ನಾನು ಕುಂಕುಮದ ಪೊಟ್ಟಣ ಮಡಚತೊಡಗಿದೆ. ಅತ್ತೆ ನನ್ನ ಬೆನ್ನಿಗೊಂದು ಗುದ್ದಿದಳು. "ಮುಸುಡಿ ಯಾಕಂಗೆ ಮಾಡ್ಕೊಂಡೆ? ನಾ ಬರ್ದಿದ್ರೂ ಕರೆಯೋದು ಬುಡಬ್ಯಾಡಿ. ಏಳು, ಮುದ್ದೆ ಆರೋಯ್ತದೆ."

ಉಪ್ಪೆಸರಿನ ಜೊತೆ ಎರಡು ಮುದ್ದೆ ಉಂಡೆ. ಮೂರರ ಬಸ್ಸಿಗೆ ಅತ್ತೆ ರಸ್ತೆಯವರೆಗೂ ಬಂದು ನಿಂತಳು. ಬಸ್ಸು ತಿರುಗುವವರೆಗೂ ಕಿಟಕಿಯಿಂದ ಅವಳನ್ನೇ ನೋಡಿದೆ.

ದುದ್ದದಲ್ಲಿ ಇಳಿದಾಗ ಕತ್ತಲಾಗುತ್ತಿತ್ತು. ಅಪ್ಪ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅತ್ತೆ ಬರುವುದಿಲ್ಲವೆಂದು ಫೋನಿನಲ್ಲಿ ಹೇಳಬಹುದಿತ್ತು, ನಾನು ಹೇಳಿರಲಿಲ್ಲ. ಅವನು ಡಿಕ್ಕಿಯಿಂದ ಬಟ್ಟೆ ಅಂಗಡಿಯ ಕವರು ತೆಗೆದು, ಸೀರೆಯ ಅಂಚನ್ನಷ್ಟೇ ಹೊರಗೆಳೆದು ತೋರಿಸಿದ.

"ಅತ್ತೆಗೆ ಹಸ್ರು ಒಪ್ತದೆ, ಅಲ್ವಾ ಮಗ?"